ಕೆಲಸ ಬಿಟ್ಟು ಪೈಲಟ್ ಆಗುವ ಆಸೆಯೇ? ಫ್ಲೈಯಿಂಗ್ ಸ್ಕೂಲ್‌ಗೆ ಹಣ ಕಟ್ಟುವ ಮುನ್ನ ಈ ಲೆಕ್ಕ ನೋಡಿ

ಎಂಟು-ಹತ್ತು ವರ್ಷ ಕಂಪ್ಯೂಟರ್ ಮುಂದೆ ಕೂತು ದುಡಿದ ಮೇಲೆ, ಕೈಯಲ್ಲಿ ಒಂದಿಷ್ಟು ಉಳಿತಾಯ ಸೇರಿದ ಮೇಲೆ, ಚಿಕ್ಕಂದಿನ ಆಸೆ ಕೆಲವರಲ್ಲಿ ಮತ್ತೆ ತಲೆ ಎತ್ತುತ್ತದೆ. ಪುಣೆಯ ಹಿಂಜೆವಾಡಿಯಲ್ಲೋ, ಹೈದರಾಬಾದಿನ ಗಚ್ಚಿಬೌಲಿಯಲ್ಲೋ ಕೆಲಸದಲ್ಲಿರುವ 30ರ ಆಸುಪಾಸಿನವರು 'ಈಗ ಪೈಲಟ್ ಆಗಬಹುದಾ?' ಎಂದು ಕೇಳುವುದು ಈಗ ಅಪರೂಪವೇನಲ್ಲ. ಉತ್ತರ ಸುಲಭ: ಆಗಬಹುದು. ಭಾರತದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್, ಅಂದರೆ ಸಿಪಿಎಲ್ ಪಡೆಯಲು ಕನಿಷ್ಠ ವಯಸ್ಸು 18. ಏರ್‌ಲೈನ್‌ನಲ್ಲಿ 65 ವರ್ಷದವರೆಗೆ ಹಾರಬಹುದು. 32ಕ್ಕೆ ಶುರು ಮಾಡಿದರೂ ಮುಂದೆ ಮೂರು ದಶಕ ಉಳಿದಿರುತ್ತದೆ.

ಕಷ್ಟದ ಪ್ರಶ್ನೆ ಬೇರೆ. ಯಾವ ಶಾಲೆಗೆ ಸೇರಬೇಕು? ಪಿಯುಸಿ ಮುಗಿಸಿ ಬರುವ ಹುಡುಗನಿಗೂ ಕೆಲಸ ಬಿಟ್ಟು ಬರುವ ನಿಮಗೂ ಈ ಪ್ರಶ್ನೆ ಒಂದೇ ಅಲ್ಲ. ತರಬೇತಿ ಒಂದು ವರ್ಷ ತಡವಾದರೆ ಆ ಹುಡುಗನಿಗೆ ಬೇಸರವಾಗುತ್ತದೆ; ನಿಮಗೆ ಸಂಬಳ ಹೋಗುತ್ತದೆ, ಇಎಂಐ ನಿಲ್ಲುವುದಿಲ್ಲ, ಮನೆಯವರ ತಾಳ್ಮೆಯೂ ಕರಗುತ್ತದೆ. ಶಾಲೆಗೆ ಫೋನ್ ಮಾಡುವವರಲ್ಲಿ ಬಹುತೇಕರು ಮೊದಲು ಕೇಳುವುದು 'ಗಂಟೆಗೆ ಎಷ್ಟು ರೂಪಾಯಿ?' ಎಂದು. ನೀವು ಕೇಳಬೇಕಾದ ಮೊದಲ ಪ್ರಶ್ನೆ 'ತಿಂಗಳಿಗೆ ಎಷ್ಟು ಗಂಟೆ?' ಎಂಬುದು.

ಶಾಲೆಗಿಂತ ಮೊದಲು ವೈದ್ಯರ ಬಳಿಗೆ

ರಾಜೀನಾಮೆ ಪತ್ರ, ಸಾಲದ ಅರ್ಜಿ, ಶಾಲೆಯ ಮುಂಗಡ ಎಲ್ಲಕ್ಕಿಂತ ಮೊದಲು ಆಗಬೇಕಾದದ್ದು ವೈದ್ಯಕೀಯ ಪರೀಕ್ಷೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮಾನ್ಯ ಮಾಡಿದ ವೈದ್ಯರ ಬಳಿ ಕ್ಲಾಸ್ 2 ಮೆಡಿಕಲ್ ಮಾಡಿಸಬೇಕು. ಸಿಪಿಎಲ್‌ಗೆ ಅದು ಸಾಲದು, ಕ್ಲಾಸ್ 1 ಬೇಕು. ಬೆಂಗಳೂರಿನಲ್ಲಿರುವ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಈ ಪರೀಕ್ಷೆಗೆ ಹೆಸರಾದ ಜಾಗ.

ಹಲವು ಶಾಲೆಗಳು ಕ್ಲಾಸ್ 2 ಇದ್ದರೆ ಸಾಕು ಎಂದು ಸೇರಿಸಿಕೊಂಡು ಹಾರಾಟ ಶುರು ಮಾಡಿಸುತ್ತವೆ. ನಿಯಮದಲ್ಲಿ ಅದಕ್ಕೆ ಅವಕಾಶವೂ ಇದೆ. ಆದರೆ 18ರ ವಯಸ್ಸಿನ ದೇಹ ಬೇರೆ, ಹತ್ತು ವರ್ಷ ಕುರ್ಚಿಯಲ್ಲಿ ಕೂತ ದೇಹ ಬೇರೆ. ರಕ್ತದೊತ್ತಡ, ಸಕ್ಕರೆ, ಇಸಿಜಿಯಲ್ಲಿ ಏನಾದರೂ ಏರುಪೇರು, ಬಣ್ಣ ಗುರುತಿಸುವುದರಲ್ಲಿ ತೊಂದರೆ ಇವೆಲ್ಲ ಅಲ್ಲೇ ಹೊರಬೀಳುತ್ತವೆ. ಅರ್ಧ ಫೀಸು ಕಟ್ಟಿದ ಮೇಲೆ ಇದು ಗೊತ್ತಾಗುವುದಕ್ಕಿಂತ ಕಟ್ಟುವ ಮೊದಲೇ ಗೊತ್ತಾಗುವುದು ಮೇಲು. ಕನ್ನಡಕ ಇದೆ ಎಂದ ಮಾತ್ರಕ್ಕೆ ಹೆದರಬೇಕಿಲ್ಲ. ದೃಷ್ಟಿ ಸರಿಪಡಿಸಿಕೊಳ್ಳಬಹುದಾದ ಮಿತಿಯಲ್ಲಿದ್ದರೆ ಅಡ್ಡಿಯಿಲ್ಲ.

ಇನ್ನೊಂದು ಮಾತು. ಸಿಪಿಎಲ್‌ಗೆ 12ನೇ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು ಎಂಬುದು ರೂಢಿಯಲ್ಲಿರುವ ನಿಯಮ. ಬಿಕಾಂ, ಎಂಬಿಎ ಮಾಡಿದವರು ಇಲ್ಲಿ ತಡವರಿಸುತ್ತಾರೆ. ಎನ್‌ಐಒಎಸ್ ಮುಕ್ತ ಶಾಲೆಯ ಮೂಲಕ ಆ ಎರಡು ವಿಷಯ ಬರೆದು ಪಾಸಾಗಿ ಬಂದವರಿದ್ದಾರೆ. ಕೆಲಸದಲ್ಲಿರುವಾಗಲೇ ಮುಗಿಸಿಕೊಳ್ಳಬಹುದಾದ ಕೆಲಸ ಅದು.

ಕೆಲಸದಲ್ಲಿರುವಾಗಲೇ ಮುಗಿಸಬಹುದಾದ ಇನ್ನೊಂದು ದೊಡ್ಡ ಭಾಗ ಡಿಜಿಸಿಎಯ ಲಿಖಿತ ಪರೀಕ್ಷೆಗಳು. ಏರ್ ನ್ಯಾವಿಗೇಷನ್, ಹವಾಮಾನಶಾಸ್ತ್ರ, ಏರ್ ರೆಗ್ಯುಲೇಷನ್ಸ್, ಟೆಕ್ನಿಕಲ್ ಪತ್ರಿಕೆಗಳು, ಪಾಸಾಗಲು ಶೇ.70 ಅಂಕ ಬೇಕು. ರೇಡಿಯೊದಲ್ಲಿ ಮಾತನಾಡುವ ಅನುಮತಿಗೆ ಆರ್‌ಟಿಆರ್ ಪರೀಕ್ಷೆ ಬೇರೆ ಇದೆ. ರಾತ್ರಿ, ವಾರಾಂತ್ಯ ಓದಿ ಇವನ್ನು ಮುಗಿಸಿಕೊಂಡೇ ಶಾಲೆಗೆ ಹೋದರೆ ಅಲ್ಲಿ ನಿಮ್ಮ ಕೆಲಸ ಹಾರುವುದು ಮಾತ್ರ. ಹಾಸ್ಟೆಲ್‌ನಲ್ಲಿ ಕೂತು ನ್ಯಾವಿಗೇಷನ್ ಪತ್ರಿಕೆಯನ್ನು ಮೂರನೇ ಸಲ ಬರೆಯುವುದು, ಅದೂ ಸಂಬಳವಿಲ್ಲದೆ, ಬಹಳ ದುಬಾರಿ ಓದು.

200 ಗಂಟೆ: ಅಗ್ಗದ ಶಾಲೆ ದುಬಾರಿಯಾಗುವುದು ಹೀಗೆ

ಸಿಪಿಎಲ್‌ಗೆ ಒಟ್ಟು 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್ ಆಗಿರಬೇಕು. 20 ಗಂಟೆ ಕ್ರಾಸ್ ಕಂಟ್ರಿ, ಅದರಲ್ಲೊಂದು 300 ನಾಟಿಕಲ್ ಮೈಲಿಗೆ (ಸುಮಾರು 555 ಕಿ.ಮೀ.) ಕಡಿಮೆಯಿಲ್ಲದ, ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಬರುವ ಹಾರಾಟ. 10 ಗಂಟೆ ಇನ್‌ಸ್ಟ್ರುಮೆಂಟ್, 5 ಗಂಟೆ ರಾತ್ರಿ ಹಾರಾಟ. ಇದಿಷ್ಟು ಎಲ್ಲ ಬ್ರೋಷರ್‌ಗಳಲ್ಲೂ ಇರುತ್ತದೆ. ಎಷ್ಟು ತಿಂಗಳಲ್ಲಿ ಎಂಬುದು ಮಾತ್ರ ದೊಡ್ಡ ಅಕ್ಷರದಲ್ಲಿ ಇರುವುದಿಲ್ಲ.

ಎರಡು ಶಾಲೆಗಳಿವೆ ಅಂದುಕೊಳ್ಳಿ. ಮೊದಲನೆಯದರಲ್ಲಿ ಒಬ್ಬ ವಿದ್ಯಾರ್ಥಿಗೆ ತಿಂಗಳಿಗೆ 20 ಗಂಟೆ ಸಿಗುತ್ತದೆ. 10 ತಿಂಗಳಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ 8 ಗಂಟೆ, 25 ತಿಂಗಳು. ಎರಡನೆಯದು ಗಂಟೆಗೆ 1,500 ರೂಪಾಯಿ ಅಗ್ಗ, ಅಂದರೆ 200 ಗಂಟೆಗೆ 3 ಲಕ್ಷ ಉಳಿತಾಯ. ಈಗ 15 ತಿಂಗಳ ತಡದ ಬೆಲೆ ಹಾಕಿ. ತಿಂಗಳಿಗೆ 1 ಲಕ್ಷ ಸಂಬಳ ಬಿಟ್ಟು ಬಂದವರಿಗೆ 15 ಲಕ್ಷ ಹೋಯಿತು. 40 ಲಕ್ಷ ಸಾಲಕ್ಕೆ ಶೇ.11 ಬಡ್ಡಿಯಾದರೆ 15 ತಿಂಗಳಿಗೆ 5.5 ಲಕ್ಷ. ಊಟ, ಹಾಸ್ಟೆಲ್ ತಿಂಗಳಿಗೆ 15 ಸಾವಿರ ಎಂದರೂ ಇನ್ನೆರಡು ಲಕ್ಷದ ಮೇಲೆ. 3 ಲಕ್ಷ ಉಳಿಸಲು ಹೋಗಿ 22 ಲಕ್ಷ ಕಳೆದಂತಾಯಿತು. ಇವು ಉದಾಹರಣೆಗೆ ತೆಗೆದುಕೊಂಡ ಸಂಖ್ಯೆಗಳು. ನಿಮ್ಮ ಸಂಬಳ, ನಿಮ್ಮ ಸಾಲ ಹಾಕಿ ಇದೇ ಲೆಕ್ಕ ಒಮ್ಮೆ ಮಾಡಿ ನೋಡಿ.

ತಡಕ್ಕೆ ಇನ್ನೊಂದು ಪೆಟ್ಟೂ ಇದೆ. ಲೈಸೆನ್ಸ್‌ಗೆ ಅರ್ಜಿ ಹಾಕುವಾಗ ಕೆಲವು ಹಾರಾಟಗಳು ಹಿಂದಿನ ಆರು ತಿಂಗಳೊಳಗೇ ಆಗಿರಬೇಕು. ತರಬೇತಿ ಎಳೆದಾಡಿದರೆ ಮೊದಲು ಹಾರಿದ್ದು ಹಳತಾಗುತ್ತದೆ, ಮತ್ತೆ ಹಾರಬೇಕು. ಆ ಗಂಟೆಗಳ ಬಿಲ್ಲೂ ನಿಮ್ಮದೇ. 200 ಗಂಟೆಯ ಪ್ಯಾಕೇಜ್‌ಗೆ ಸೇರಿದವರು 215, 220 ಗಂಟೆಗೆ ಹಣ ಕಟ್ಟುವುದು ಹೀಗೆ. ನಡುನಡುವೆ ಮೂರು ವಾರ ಹಾರದೆ ಕೂತವರ ಲ್ಯಾಂಡಿಂಗ್ ಕೈ ತಪ್ಪುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಹ್ಯಾಂಗರ್‌ನಲ್ಲಿ ನಿಂತಿದ್ದು ಎಷ್ಟು, ಹಾರುತ್ತಿರುವುದು ಎಷ್ಟು?

'ನಮ್ಮಲ್ಲಿ 15 ವಿಮಾನಗಳಿವೆ' ಎಂಬ ಮಾತಿಗೆ ಅರ್ಥವಿಲ್ಲ. ಇಂದು ಬೆಳಗ್ಗೆ ಹಾರಲು ಸಿದ್ಧವಿರುವುದು ಎಷ್ಟು? ಸೆಸ್ನಾ 152, ಸೆಸ್ನಾ 172, ಡೈಮಂಡ್ ಡಿಎ40 ಇವು ನಮ್ಮ ಶಾಲೆಗಳಲ್ಲಿ ಸಾಮಾನ್ಯವಾಗಿ ಕಾಣುವ ವಿಮಾನಗಳು. ಇವಕ್ಕೆ 50 ಗಂಟೆ, 100 ಗಂಟೆಗೊಮ್ಮೆ ತಪಾಸಣೆ ಆಗಲೇಬೇಕು. ಬಿಡಿಭಾಗ ವಿದೇಶದಿಂದ ಬರುವವರೆಗೆ ವಿಮಾನ ಮೂಲೆಯಲ್ಲಿ ನಿಂತಿರುತ್ತದೆ. ಒಳ್ಳೆಯ ಶಾಲೆಯಲ್ಲೂ ಒಂದೆರಡು ಹಾಗೆ ನಿಂತಿರುವುದು ಸಹಜ. ಅರ್ಧಕ್ಕರ್ಧ ನಿಂತಿದ್ದರೆ ಸಹಜವಲ್ಲ.

ಲೆಕ್ಕ ಸರಳ. ಎಂಟು ವಿಮಾನ ದಿನಕ್ಕೆ ಐದು ಗಂಟೆಯಂತೆ ತಿಂಗಳಲ್ಲಿ 22 ದಿನ ಹಾರಿದರೆ 880 ಗಂಟೆ. 44 ವಿದ್ಯಾರ್ಥಿಗಳಿದ್ದರೆ ತಲೆಗೆ 20 ಗಂಟೆ. ಅದೇ ಎಂಟು ವಿಮಾನಕ್ಕೆ 110 ವಿದ್ಯಾರ್ಥಿಗಳನ್ನು ಸೇರಿಸಿಕೊಂಡರೆ 8 ಗಂಟೆ. ವಿದ್ಯಾರ್ಥಿಗಳ ಸಂಖ್ಯೆ ಕೇಳಿದಾಗ ಕಚೇರಿಯವರು ಮಾತು ಬದಲಿಸಿದರೆ ಅದೇ ಉತ್ತರ ಎಂದುಕೊಳ್ಳಿ.

ಅವಳಿ ಎಂಜಿನ್ ವಿಮಾನದ ಬಗ್ಗೆ ಬೇರೆಯಾಗಿಯೇ ಕೇಳಬೇಕು. ಏರ್‌ಲೈನ್ ಕೆಲಸಕ್ಕೆ ಮಲ್ಟಿ ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಬೇಕೇ ಬೇಕು. ಬಹಳ ಶಾಲೆಗಳಲ್ಲಿ ಇಂಥ ವಿಮಾನ ಒಂದೋ ಎರಡೋ ಇರುತ್ತದೆ. ಇರುವ ಒಂದು ಕೆಟ್ಟು ನಿಂತರೆ, 185 ಗಂಟೆ ಮುಗಿಸಿದ ಹುಡುಗರೆಲ್ಲ ಅದರ ಮುಂದೆ ಸಾಲಾಗಿ ಕಾಯುತ್ತಾರೆ. ಕೊನೆಯ 15 ಗಂಟೆಗೆ ಆರು ತಿಂಗಳು ಕಾಯುವುದು ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು, ಶಾಲೆಗಳಲ್ಲಿ ಓಡಾಡಿದವರಿಗೆ ಅಲ್ಲ.

ಇನ್‌ಸ್ಟ್ರಕ್ಟರ್‌ಗಳ ವಿಷಯದಲ್ಲೂ ಸಂಖ್ಯೆ ಮಾತ್ರ ನೋಡಬೇಡಿ. ಅಸಿಸ್ಟೆಂಟ್ ಫ್ಲೈಟ್ ಇನ್‌ಸ್ಟ್ರಕ್ಟರ್ ಎಂದರೆ ಹಲವು ಸಲ ಸ್ವತಃ ಏರ್‌ಲೈನ್ ಕೆಲಸಕ್ಕೆ ಕಾಯುತ್ತಿರುವ ಯುವ ಪೈಲಟ್. ಕಲಿಸುವುದರಲ್ಲಿ ಅವರು ಕಡಿಮೆಯಿಲ್ಲ, ಆದರೆ ಕರೆ ಬಂದ ದಿನ ಹೊರಟುಬಿಡುತ್ತಾರೆ. ವಿದ್ಯಾರ್ಥಿಯನ್ನು ಮೊದಲ ಬಾರಿಗೆ ಒಬ್ಬನೇ ಹಾರಲು ಕಳಿಸುವ ಅಧಿಕಾರ ಅವರಿಗಿಲ್ಲ, ಅದು ಹಿರಿಯ ಫ್ಲೈಟ್ ಇನ್‌ಸ್ಟ್ರಕ್ಟರ್‌ಗೆ ಸೇರಿದ್ದು. ಆದ್ದರಿಂದ ಚೀಫ್ ಫ್ಲೈಟ್ ಇನ್‌ಸ್ಟ್ರಕ್ಟರ್ ಯಾರು, ಎಷ್ಟು ವರ್ಷದಿಂದ ಅಲ್ಲೇ ಇದ್ದಾರೆ, ಅವರು ರಜೆಯಲ್ಲಿದ್ದರೆ ಬದಲಿಗೆ ಯಾರು ಎಂದು ಕೇಳಿ.

ಮಳೆ, ಮಂಜು ಮತ್ತು ರನ್‌ವೇ

ತರಬೇತಿ ವಿಮಾನ ಹಾರಲು ಕಣ್ಣಿಗೆ ದಾರಿ ಕಾಣಬೇಕು. ಮೋಡ ಕೆಳಗಿದ್ದರೆ, ಮಂಜು ಕವಿದಿದ್ದರೆ, ಗಾಳಿ ಅಡ್ಡ ಬೀಸಿದರೆ ಅವತ್ತು ರಜೆ. ಹೀಗಾಗಿ ಶಾಲೆಯ ಊರು ಯಾವುದು ಎಂಬುದಕ್ಕೆ ಶಾಲೆಯ ಹೆಸರಿನಷ್ಟೇ ತೂಕವಿದೆ.

ಉತ್ತರ ಪ್ರದೇಶದ ಅಮೇಠಿ ಜಿಲ್ಲೆಯ ಫುರ್ಸತ್‌ಗಂಜ್‌ನಲ್ಲಿರುವ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಕೇಂದ್ರ ಸರ್ಕಾರದ ಸಂಸ್ಥೆ, ದೇಶದಲ್ಲಿ ದೊಡ್ಡ ಹೆಸರು. ಅಲ್ಲಿ ಡಿಸೆಂಬರ್, ಜನವರಿಯ ಮಂಜು ದೊಡ್ಡ ಅಡ್ಡಿ. ಅದಕ್ಕಾಗಿಯೇ ಅದು ಮಹಾರಾಷ್ಟ್ರದ ಗೊಂದಿಯಾ ಮತ್ತು ನಮ್ಮ ಕಲಬುರಗಿಯಲ್ಲೂ ಹಾರಾಟ ನಡೆಸಿದ್ದುಂಟು. ಕಲಬುರಗಿಯ ಒಣ ಹವೆ ಬೇಸಿಗೆಯಲ್ಲಿ ಬೆವರಿಳಿಸಿದರೂ ಹಾರಾಟಕ್ಕೆ ಅನುಕೂಲ. ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ಹೊಸ ಫ್ಲೈಯಿಂಗ್ ಸ್ಕೂಲ್‌ಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಕಲಬುರಗಿ ಮತ್ತು ಬೆಳಗಾವಿ ಎರಡೂ ಇದ್ದವು. ಎರಡೂ ಕರ್ನಾಟಕದಲ್ಲೇ ಇದ್ದರೂ ಹವೆ ಒಂದೇ ಅಲ್ಲ. ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಕಂಡವರಿಗೆ ಹೇಳಬೇಕಿಲ್ಲ.

ಪುಣೆಯವರಿಗೆ ಹತ್ತಿರದ ಬಾರಾಮತಿ ಮಳೆ ನೆರಳಿನ ಪ್ರದೇಶ. ಮುಂಬೈಯ ಹಳೆಯ ಬಾಂಬೆ ಫ್ಲೈಯಿಂಗ್ ಕ್ಲಬ್ ತನ್ನ ಹಾರಾಟ ತರಬೇತಿಯನ್ನು ಧುಳೆಗೆ ಒಯ್ದದ್ದೂ ಇಂಥದೇ ಸಂಗತಿ ನೆನಪಿಸುತ್ತದೆ: ದೊಡ್ಡ ನಗರದ ಆಕಾಶದಲ್ಲಿ ಪುಟ್ಟ ಸೆಸ್ನಾಗೆ ಜಾಗವಿಲ್ಲ. ಬೆಂಗಳೂರಿನ ಜಕ್ಕೂರು 1949ರಿಂದ ಇರುವ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ನೆಲೆ, ಕನ್ನಡಿಗರಿಗೆ ಅಭಿಮಾನದ ಜಾಗ. ಆದರೆ ಪಕ್ಕದಲ್ಲೇ ಯಲಹಂಕ ವಾಯುನೆಲೆ ಇದೆ. ಏರೋ ಇಂಡಿಯಾ ಬಂದಾಗ ಆ ಆಕಾಶಕ್ಕೆ ನಿರ್ಬಂಧ ಬೀಳುತ್ತದೆ. ಪ್ರಯಾಣಿಕರ ವಿಮಾನಗಳು ಬಂದುಹೋಗುವ ನಿಲ್ದಾಣದಲ್ಲಿ ಶಾಲೆ ಇದ್ದರೆ ಟೇಕಾಫ್‌ಗೆ ಮುನ್ನ ಕಾಯುವ ಸಮಯ ಹೆಚ್ಚು. ಕಾಯುವಾಗ ಎಂಜಿನ್ ಓಡುತ್ತಿರುತ್ತದೆ. ಆ ನಿಮಿಷಗಳ ಬಿಲ್ ಯಾರದು ಎಂದು ಶಾಲೆಯನ್ನು ಕೇಳಿ.

ಮುಂಬೈ, ಚೆನ್ನೈನ ಕೆಲವರು 'ವಾರಾಂತ್ಯದಲ್ಲಿ ಮಾತ್ರ ಹೋಗಿ ಸಿಪಿಎಲ್ ಮುಗಿಸಬಹುದಾ?' ಎಂದು ಕೇಳುತ್ತಾರೆ. ಖಾಸಗಿ ಲೈಸೆನ್ಸ್ ಆದ ಪಿಪಿಎಲ್‌ಗೆ 40 ಗಂಟೆ ಸಾಕು, ಅದನ್ನು ಹಾಗೆ ಮಾಡಬಹುದೇನೋ. 200 ಗಂಟೆಗೆ ಆ ದಾರಿ ನಡೆಯುವುದಿಲ್ಲ. ಆದರೆ ಕೆಲಸ ಬಿಡುವ ಮೊದಲು ಸ್ಟೂಡೆಂಟ್ ಪೈಲಟ್ ಲೈಸೆನ್ಸ್ ಮಾಡಿಸಿ ರಜೆ ಹಾಕಿ ಹತ್ತು ಗಂಟೆ ಹಾರಿ ನೋಡುವುದು ನನ್ನ ಮಟ್ಟಿಗೆ ಬಹಳ ಒಳ್ಳೆಯ ಖರ್ಚು. ಹೊಟ್ಟೆ ತೊಳಸುತ್ತದೋ, ಬಿಸಿಲಲ್ಲಿ ಪುಟ್ಟ ಕಾಕ್‌ಪಿಟ್ ಹಿಡಿಸುತ್ತದೋ ಎಂಬುದು ಸಿಮ್ಯುಲೇಟರ್ ಗೇಮ್‌ನಲ್ಲಿ ಗೊತ್ತಾಗುವುದಿಲ್ಲ.

ಡಿಜಿಸಿಎ ಪಟ್ಟಿಯಲ್ಲಿ ಹೆಸರಿದೆಯೇ?

'ಏವಿಯೇಷನ್ ಅಕಾಡೆಮಿ' ಎಂಬ ಬೋರ್ಡ್ ಹಾಕಿದವರೆಲ್ಲ ಫ್ಲೈಯಿಂಗ್ ಸ್ಕೂಲ್ ಅಲ್ಲ. ಕೆಲವು ಬರೀ ಲಿಖಿತ ಪರೀಕ್ಷೆಗೆ ಕೋಚಿಂಗ್ ಕೊಡುವ ಜಾಗಗಳು, ಕೆಲವು ಕಮಿಷನ್‌ಗೆ ವಿದ್ಯಾರ್ಥಿಗಳನ್ನು ಒದಗಿಸುವ ಏಜೆಂಟರು. ಡಿಜಿಸಿಎ ತನ್ನ ವೆಬ್‌ಸೈಟ್‌ನಲ್ಲಿ ಮಾನ್ಯತೆ ಪಡೆದ ತರಬೇತಿ ಸಂಸ್ಥೆಗಳ ಪಟ್ಟಿ ಹಾಕುತ್ತದೆ. ಶಾಲೆಯ ಹೆಸರು, ನೆಲೆ, ಮಾನ್ಯತೆಯ ಅವಧಿ ಮೂರನ್ನೂ ಅಲ್ಲಿ ನೋಡಿ.

2025ರ ಅಕ್ಟೋಬರ್‌ನಿಂದ ಇನ್ನೊಂದು ಅನುಕೂಲ ಆಗಿದೆ. ಡಿಜಿಸಿಎ ಫ್ಲೈಯಿಂಗ್ ಸ್ಕೂಲ್‌ಗಳಿಗೆ ದರ್ಜೆ ಕೊಡಲು ಶುರು ಮಾಡಿದ್ದು, ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಪಟ್ಟಿ ಹೊರಡಿಸುವ ವ್ಯವಸ್ಥೆ ಮಾಡಿದೆ. ಸುರಕ್ಷತೆ, ಕಾರ್ಯಾಚರಣೆ, ನಿಯಮ ಪಾಲನೆ, ವಿದ್ಯಾರ್ಥಿಗಳಿಗೆ ಸಿಗುವ ನೆರವು ಎಲ್ಲವೂ ಅಂಕಕ್ಕೆ ಸೇರುತ್ತವೆ. ಮೊದಲ ಪಟ್ಟಿಯಲ್ಲಿ ಒಂದೇ ಒಂದು ಶಾಲೆಯೂ ಅತ್ಯುನ್ನತ ದರ್ಜೆ ಪಡೆಯಲಿಲ್ಲ. ಇದರಿಂದ ಕಂಗೆಡುವ ಅಗತ್ಯವಿಲ್ಲ. ಆದರೆ ಯಾರಾದರೂ 'ನಾವು ದೇಶದಲ್ಲೇ ನಂಬರ್ ಒನ್' ಎಂದರೆ ಪಟ್ಟಿ ತೆರೆದು ತೋರಿಸಿ ಎನ್ನಲು ಈಗ ಒಂದು ಆಧಾರವಿದೆ.

ಸುರಕ್ಷತೆಯ ಬಗ್ಗೆ ಕೇಳಲು ಮುಜುಗರ ಬೇಡ. 2023ರ ಅಕ್ಟೋಬರ್‌ನಲ್ಲಿ ಬಾರಾಮತಿ ಬಳಿ ಒಂದೇ ವಾರದೊಳಗೆ ಒಂದೇ ಶಾಲೆಯ ಎರಡು ತರಬೇತಿ ವಿಮಾನಗಳು ಅಪಘಾತಕ್ಕೀಡಾದವು. ಡಿಜಿಸಿಎ ಆ ಶಾಲೆಯ ಹಾರಾಟ ತರಬೇತಿಯನ್ನು ತಡೆಹಿಡಿಯಿತು. ಆಗ ಅಲ್ಲಿದ್ದ ವಿದ್ಯಾರ್ಥಿಗಳ ಜಾಗದಲ್ಲಿ ನಿಮ್ಮನ್ನು ಇಟ್ಟು ನೋಡಿ: ಜೀವದ ಭಯ ಒಂದು ಕಡೆ, ಫೀಸು ಕಟ್ಟಿ ಹಾರಾಟವಿಲ್ಲದೆ ಕೂರುವುದು ಇನ್ನೊಂದು ಕಡೆ.

ಹಾರದೆಯೇ ಲಾಗ್‌ಬುಕ್‌ನಲ್ಲಿ ಗಂಟೆ ಬರೆದುಕೊಡುವ ಚಾಳಿಗೆ ಪೈಲಟ್‌ಗಳ ನಡುವೆ 'ಪಾರ್ಕರ್ ಪೆನ್ ಗಂಟೆ' ಎಂಬ ಹೆಸರೇ ಇದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟ ಪೈಲಟ್‌ಗಳು ಸಿಕ್ಕಿಬಿದ್ದಾಗ ಲೈಸೆನ್ಸ್‌ಗಳ ಜೊತೆ ಫ್ಲೈಯಿಂಗ್ ಕ್ಲಬ್‌ಗಳ ದಾಖಲೆಗಳೂ ತನಿಖೆಗೆ ಒಳಗಾದವು. 'ಬೇಗ ಮುಗಿಸಿಕೊಡುತ್ತೇವೆ' ಎಂಬ ಮಾತಿನಲ್ಲಿ ಇಂಥ ವಾಸನೆ ಬಂದರೆ ಅಲ್ಲಿಂದ ಎದ್ದು ಬನ್ನಿ. ಸಿಕ್ಕಿಬಿದ್ದರೆ ಹೋಗುವುದು ನಿಮ್ಮ ಲೈಸೆನ್ಸ್.

ವಿದೇಶಕ್ಕೆ ಹೋದರೆ ಬೇಗ ಆಗುತ್ತದೆಯೇ?

ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗೆ ಹೋಗಿ ಕಲಿತು ಬರುವವರು ಬಹಳ. ಅಲ್ಲಿ ವಿಮಾನ, ಇನ್‌ಸ್ಟ್ರಕ್ಟರ್ ಸುಲಭವಾಗಿ ಸಿಗುವುದರಿಂದ ಗಂಟೆಗಳು ಬೇಗ ತುಂಬುತ್ತವೆ ಎಂಬುದು ನಿಜ. ಆದರೆ ಅಲ್ಲಿನ ಲೈಸೆನ್ಸ್ ಇಟ್ಟುಕೊಂಡು ಇಲ್ಲಿ ಹಾರಲಾಗದು. ಡಿಜಿಸಿಎ ಪರೀಕ್ಷೆ, ಭಾರತದ ಮೆಡಿಕಲ್, ದಾಖಲೆಗಳ ಪರಿಶೀಲನೆ ದಾಟಿ ಅದನ್ನು ಭಾರತೀಯ ಲೈಸೆನ್ಸ್‌ಗೆ ಬದಲಿಸಿಕೊಳ್ಳಬೇಕು. ಅಲ್ಲಿನ ನಿಯಮಕ್ಕೂ ಇಲ್ಲಿನ ನಿಯಮಕ್ಕೂ ಗಂಟೆಗಳ ಲೆಕ್ಕ ಬೇರೆ. ಅಮೆರಿಕದ ಕೆಲವು ಶಾಲೆಗಳಲ್ಲಿ 190 ಗಂಟೆಗೇ ಸಿಪಿಎಲ್ ಸಿಗುತ್ತದೆ. ಇಲ್ಲಿ 200 ಬೇಕು. ಭಾರತದ ಪಟ್ಟಿ ಮುಂದಿಟ್ಟುಕೊಂಡು ಅಲ್ಲೇ ಎಲ್ಲ ಹಾರಾಟ ಮುಗಿಸಿ ಬರದಿದ್ದರೆ ಬಾಕಿ ಗಂಟೆಗಳಿಗಾಗಿ ಇಲ್ಲಿ ಮತ್ತೆ ಯಾವುದೋ ಶಾಲೆಯ ಬಾಗಿಲು ತಟ್ಟಬೇಕಾಗುತ್ತದೆ. ರೂಪಾಯಿ ಕುಸಿದರೆ ಬಜೆಟ್ ಕೂಡ ಕುಸಿಯುತ್ತದೆ.

ಹಣ ಕೊಡುವ ರೀತಿ

ಭಾರತದಲ್ಲಿ ಸಿಪಿಎಲ್ ಮುಗಿಸುವಷ್ಟರಲ್ಲಿ ಸಾಮಾನ್ಯವಾಗಿ 50 ಲಕ್ಷದ ಆಸುಪಾಸು, ಹಲವೆಡೆ ಅದಕ್ಕೂ ಹೆಚ್ಚು ಬೇಕಾಗುತ್ತದೆ. ಬ್ಯಾಂಕ್‌ಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದ ಮೇಲಿನ ಸಾಲಕ್ಕೆ ಅಡಮಾನ ಕೇಳುತ್ತಾರೆ. ಅಂದರೆ ಊರಿನ ಮನೆಯೋ ಸೈಟೋ ಪತ್ರ ಬ್ಯಾಂಕಿಗೆ ಹೋಗುತ್ತದೆ. ಅಪ್ಪನ ಮನೆ ಅಡ ಇಟ್ಟು ಹೊರಟವರು ಇನ್ನಷ್ಟು ಎಚ್ಚರ ವಹಿಸಬೇಕು.

ಪೂರ್ತಿ ಫೀಸು ಮುಂಗಡ ಕಟ್ಟಿದರೆ ರಿಯಾಯಿತಿ ಎಂಬ ಆಮಿಷ ಸಾಮಾನ್ಯ. ಒಪ್ಪಬೇಡಿ. ಇಂತಿಷ್ಟು ಗಂಟೆ ಹಾರಿದ ಮೇಲೆ ಮುಂದಿನ ಕಂತು ಎಂದು ಬರೆಸಿಕೊಳ್ಳಿ. ಮುಂಗಡ ಪೂರ್ತಿ ಕೊಟ್ಟ ವಿದ್ಯಾರ್ಥಿಯನ್ನು ಬೇಗ ಹಾರಿಸಲು ಶಾಲೆಗೆ ಯಾವ ಒತ್ತಡವೂ ಇರುವುದಿಲ್ಲ; ಕಂತಿನಲ್ಲಿ ಕಟ್ಟುವವನನ್ನು ಹಾರಿಸಿದರೆ ಮಾತ್ರ ಅವರಿಗೆ ಹಣ ಬರುತ್ತದೆ. ಒಪ್ಪಂದದಲ್ಲಿ ನೋಡಬೇಕಾದ್ದು ಮೂರು ಸಾಲು: ಇಂಧನ ಬೆಲೆ ಏರಿದರೆ ಯಾರ ಹೊರೆ, 200 ಗಂಟೆ ಮೀರಿದರೆ ಗಂಟೆಗೆ ಎಷ್ಟು, ನಡುವೆ ಬಿಟ್ಟರೆ ಅಥವಾ ಶಾಲೆಯೇ ನಿಂತರೆ ಎಷ್ಟು ವಾಪಸ್. ಸಮವಸ್ತ್ರ, ಲ್ಯಾಂಡಿಂಗ್ ಶುಲ್ಕ, ಹಾಸ್ಟೆಲ್, ಸ್ಕಿಲ್ ಟೆಸ್ಟ್ ಪ್ಯಾಕೇಜಿನೊಳಗಿವೆಯೇ ಎಂಬುದನ್ನೂ ಮಾತಿನಲ್ಲಿ ನಂಬದೆ ಕಾಗದದ ಮೇಲೆ ಪಡೆಯಿರಿ.

ಲೈಸೆನ್ಸ್ ಬಂದರೆ ಕೆಲಸ ಬಂದಂತಲ್ಲ

'ಶೇ.100 ಪ್ಲೇಸ್‌ಮೆಂಟ್' ಎಂಬ ಜಾಹೀರಾತು ಕಂಡರೆ ಕಳೆದ ಎರಡು ವರ್ಷ ಯಾರು ಯಾವ ಏರ್‌ಲೈನ್‌ಗೆ ಸೇರಿದರು ಎಂದು ಕೇಳಿ. ಕೇಳಿ ಸುಮ್ಮನಾಗದೆ ಅವರಲ್ಲಿ ಇಬ್ಬರ ಜೊತೆ ಮಾತಾಡಿ. ಸಿಪಿಎಲ್ ಆದ ಮೇಲೆ ಏರ್‌ಬಸ್ ಎ320 ಅಥವಾ ಬೋಯಿಂಗ್ 737ನಂಥ ವಿಮಾನಕ್ಕೆ ಟೈಪ್ ರೇಟಿಂಗ್ ಬೇಕು. ಅದನ್ನು ಸ್ವಂತ ಖರ್ಚಿನಲ್ಲಿ ಮಾಡಿಕೊಳ್ಳಬೇಕಾದರೆ ಹತ್ತು ಲಕ್ಷಕ್ಕಿಂತ ಹೆಚ್ಚು ಎತ್ತಿಡಬೇಕು. ಏರ್‌ಲೈನ್‌ಗಳೇ ನಡೆಸುವ ಕೆಡೆಟ್ ಕಾರ್ಯಕ್ರಮಗಳಲ್ಲಿ ಕೆಲಸದ ದಾರಿ ಸ್ಪಷ್ಟವಿರುತ್ತದೆ, ಆದರೆ ಖರ್ಚು ದೊಡ್ಡದು, ವಯಸ್ಸಿನ ಮಿತಿಯೂ ಇರುತ್ತದೆ. 30 ದಾಟಿದವರು ಬೇರೆಲ್ಲ ಷರತ್ತು ಓದುವ ಮುನ್ನ ಆ ಒಂದು ಸಾಲು ಓದಬೇಕು.

2025ರ ಡಿಸೆಂಬರ್‌ನಲ್ಲಿ ಪೈಲಟ್‌ಗಳ ಕರ್ತವ್ಯ ಅವಧಿಯ ಹೊಸ ನಿಯಮಕ್ಕೆ ಹೊಂದಿಕೊಳ್ಳಲಾಗದೆ ಇಂಡಿಗೋ ಸಾಲುಸಾಲು ವಿಮಾನ ರದ್ದು ಮಾಡಿದಾಗ 'ಪೈಲಟ್‌ಗಳ ಕೊರತೆ' ಎಂಬ ಮಾತು ಎಲ್ಲೆಡೆ ಕೇಳಿಬಂತು. ಅದನ್ನು ತೋರಿಸಿ ಸೀಟು ಮಾರುವವರಿದ್ದಾರೆ. ಆದರೆ ಈ ಉದ್ಯಮದ ಇನ್ನೊಂದು ಮುಖ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತಾಗ ಸಾವಿರಾರು ಗಂಟೆ ಅನುಭವವಿದ್ದ ಪೈಲಟ್‌ಗಳೇ ಕೆಲಸ ಹುಡುಕುತ್ತ ಹೊರಬಂದರು. 200 ಗಂಟೆಯ ಹೊಸಬ ಅವರ ಹಿಂದೆ ಸಾಲಿನಲ್ಲಿ ನಿಲ್ಲಬೇಕಾಯಿತು. ಲೈಸೆನ್ಸ್ ಬಂದ ಮೇಲೆ ಒಂದು ವರ್ಷ ಕೆಲಸವಿಲ್ಲದಿದ್ದರೂ ಮನೆ ನಡೆಯುವಷ್ಟು ಹಣವನ್ನು ತರಬೇತಿಯ ಲೆಕ್ಕದಲ್ಲೇ ಸೇರಿಸಿಟ್ಟುಕೊಳ್ಳಿ. ಹಳೆಯ ವೃತ್ತಿಯ ಸಂಪರ್ಕಗಳನ್ನು ಕಡಿದುಕೊಳ್ಳಬೇಡಿ. ಕೋಡ್ ಬರೆಯುವವರು, ಲೆಕ್ಕಪತ್ರ ನೋಡುವವರು ಕಾಯುವ ತಿಂಗಳುಗಳಲ್ಲಿ ಅದನ್ನೇ ಮಾಡಬಹುದು. ಪಿಯುಸಿ ಮುಗಿಸಿ ಬಂದ ಹುಡುಗನಿಗಿಲ್ಲದ ಅನುಕೂಲ ಇದೊಂದು ನಿಮಗಿದೆ.

ಒಂದು ಬೆಳಗ್ಗೆ ಅಲ್ಲಿ ಕಳೆಯಿರಿ

ಎರಡೋ ಮೂರೋ ಶಾಲೆ ಆರಿಸಿಕೊಂಡ ಮೇಲೆ ಹೋಗಿ ನೋಡಿ. ಶಾಲೆಯವರು ಕರೆದ ಓಪನ್ ಡೇಗೆ ಬೇಡ, ಮೋಡವಿಲ್ಲದ ಮಾಮೂಲಿ ಮಂಗಳವಾರವೋ ಬುಧವಾರವೋ ಹೋಗಿ. ಬೆಳಗ್ಗೆ ಆರೂವರೆಗೆ ಗೇಟಿನ ಹತ್ತಿರ ಇರಿ. ಗಾಳಿ ಶಾಂತವಾಗಿರುವ ಆ ಹೊತ್ತು ತರಬೇತಿಗೆ ಚಿನ್ನದಂಥದ್ದು. ಎಂಟು ಗಂಟೆಯೊಳಗೆ ಎಷ್ಟು ವಿಮಾನ ಮೇಲೆದ್ದವು ಎಂದು ಎಣಿಸಿ. ಆಮೇಲೆ ಹತ್ತಿರದ ಚಹಾ ಅಂಗಡಿಗೆ ಹೋಗಿ. ಕ್ಯಾಂಟೀನಿನಲ್ಲೋ ಚಹಾ ಅಂಗಡಿಯಲ್ಲೋ ಬಿಳಿ ಅಂಗಿಯ ವಿದ್ಯಾರ್ಥಿಗಳು ಸಿಕ್ಕೇ ಸಿಗುತ್ತಾರೆ. ಶಾಲೆ ಹೇಗಿದೆ ಎಂದು ಕೇಳಬೇಡಿ, ಯಾರೂ ಬಾಯಿ ಬಿಡುವುದಿಲ್ಲ. 'ನೀವು ಸೇರಿ ಎಷ್ಟು ತಿಂಗಳಾಯಿತು, ಲಾಗ್‌ಬುಕ್‌ನಲ್ಲಿ ಈಗ ಎಷ್ಟು ಗಂಟೆ?' ಎಂದಷ್ಟೇ ಕೇಳಿ. ಐದು ಜನರ ಉತ್ತರ ಬರೆದುಕೊಂಡು ಗಂಟೆಯನ್ನು ತಿಂಗಳಿಂದ ಭಾಗಿಸಿ.